ನಿಯಮ ಬದಲಾಗುವ ಕಾಲದಲ್ಲಿ ಅರ್ಜಿ ಯಾವಾಗ ಕೊಡಬೇಕು?

ಯಾವುದೋ ಯೋಜನೆಯ ನಿಯಮ ಬದಲಾಗಲಿದೆ ಎಂಬ ಸುದ್ದಿ ಬಂತೆಂದರೆ ನಮ್ಮ ಕಡೆಯ ಮನೆಗಳಲ್ಲಿ ಏಳುವುದು ಒಂದೇ ಪ್ರಶ್ನೆ: ಅರ್ಜಿಯನ್ನು ಈಗಲೇ ಕೊಡುವುದೋ, ಹೊಸ ನಿಯಮ ಬರುವವರೆಗೆ ತಡೆಯುವುದೋ? ಅಂಗನವಾಡಿ ಮೇಲ್ವಿಚಾರಕಿಯಾಗಿ ತೀರ್ಥಹಳ್ಳಿ, ಹೊಸನಗರ ತಾಲ್ಲೂಕುಗಳಲ್ಲಿ ಬಹುಕಾಲ ದುಡಿದು ನಿವೃತ್ತಳಾದ ನನಗೆ ಈ ಪ್ರಶ್ನೆ ಇವತ್ತಿಗೂ ಫೋನಿನಲ್ಲಿ, ಬಸ್ ನಿಲ್ದಾಣದಲ್ಲಿ, ಮದುವೆಮನೆಯ ಊಟದ ಪಂಕ್ತಿಯಲ್ಲಿ ಎದುರಾಗುತ್ತಲೇ ಇರುತ್ತದೆ. ಹೀಗೆ ಕೇಳುವವರನ್ನು ಆಸೆಬುರುಕರೆಂದು ನಾನು ಯಾವತ್ತೂ ತಿಳಿದಿಲ್ಲ. ಕೂಲಿಗೆ ಹೋಗುವ ಹೆಣ್ಣುಮಗಳು ಹೆರಿಗೆಗೆಂದು ಮನೆಯಲ್ಲಿ ಉಳಿದ ತಿಂಗಳುಗಳಲ್ಲಿ ಐದು ಸಾವಿರ ರೂಪಾಯಿ ಬಂದರೆ ಆ ಮನೆಯ ಔಷಧಿ, ಹಾಲು, ಆಸ್ಪತ್ರೆಗೆ ಹೋಗಿಬರುವ ಬಾಡಿಗೆ ಎಲ್ಲವೂ ಅದರಲ್ಲಿ ಸಾಗುತ್ತದೆ. ಅಂಥ ಹಣ ಅರ್ಹತೆ ಇಲ್ಲದೆ ತಪ್ಪಿದರೆ ಸಹಿಸಿಕೊಳ್ಳಬಹುದು. ಅರ್ಹತೆ ಇದ್ದೂ ತಾರೀಖಿನ ಲೆಕ್ಕದಲ್ಲಿ ತಪ್ಪಿಹೋಯಿತೆಂದರೆ ನನಗೆ ಈಗಲೂ ಬಹಳ ಸಂಕಟವಾಗುತ್ತದೆ. ಅದಕ್ಕಾಗಿಯೇ ಇದನ್ನು ಬರೆಯುತ್ತಿದ್ದೇನೆ.

ಕೊಡುವುದೋ ಕಾಯುವುದೋ ಎಂಬುದು ಎರಡನೆಯ ಪ್ರಶ್ನೆ. ಅದಕ್ಕಿಂತ ಮೊದಲು, ಈ ಯೋಜನೆ ನಮ್ಮ ಅರ್ಹತೆಯನ್ನು ಯಾವ ದಿನಾಂಕದಂದು ನೋಡುತ್ತದೆ ಎಂಬುದನ್ನು ತಿಳಿದುಕೊಳ್ಳಬೇಕು. ಕೆಲವು ಯೋಜನೆಗಳು ಘಟನೆ ನಡೆದ ದಿನವನ್ನು ನೋಡುತ್ತವೆ, ಅಂದರೆ ಮಗು ಹುಟ್ಟಿದ ದಿನ, ದುಡಿಯುವವರು ತೀರಿಕೊಂಡ ದಿನ, ಪರೀಕ್ಷೆ ಪಾಸಾದ ವರ್ಷ. ಇನ್ನು ಕೆಲವು ಅರ್ಜಿ ಸಲ್ಲಿಸಿದ ದಿನ ನಿಮ್ಮ ಕೈಯಲ್ಲಿ ಯಾವ ಕಾರ್ಡು ಇತ್ತು ಎಂಬುದನ್ನು ನೋಡುತ್ತವೆ. ಮತ್ತೆ ಕೆಲವು ಪ್ರತಿ ತಿಂಗಳೂ ಹೊಸದಾಗಿ ನೋಡುತ್ತವೆ. ಈ ಮೂರರಲ್ಲಿ ನಿಮ್ಮದು ಯಾವುದೆಂದು ಗೊತ್ತಾದರೆ ಕಾಯುವ ಪ್ರಶ್ನೆಗೆ ಉತ್ತರ ಅರ್ಧದಷ್ಟು ತಾನಾಗಿಯೇ ಸಿಕ್ಕಿಬಿಡುತ್ತದೆ.

ಕೆಲಸ ಸಿಗದ ಯುವಜನರಿಗೆ ರಾಜ್ಯ ಸರ್ಕಾರ ಭತ್ಯೆ ಕೊಡುವ ಯುವನಿಧಿಯನ್ನೇ ತೆಗೆದುಕೊಳ್ಳಿ. ನಮ್ಮ ಶಿವಮೊಗ್ಗದ ಫ್ರೀಡಂ ಪಾರ್ಕಿನಲ್ಲಿಯೇ 2024ರ ಜನವರಿ 12ರಂದು ಅದಕ್ಕೆ ಚಾಲನೆ ಸಿಕ್ಕಿತು. 2022-23ನೇ ಸಾಲಿನಲ್ಲಿ ಪದವಿ ಅಥವಾ ಡಿಪ್ಲೊಮಾ ಮುಗಿಸಿ, 180 ದಿನ ಕಳೆದರೂ ಕೆಲಸ ಸಿಗದವರಿಗೆ ಅದು ಆರಂಭವಾಯಿತು. ಅದಕ್ಕೂ ಒಂದು ವರ್ಷ ಮೊದಲು ಪಾಸಾದ ಅಕ್ಕನಿಗೆ ಇಲ್ಲ, ಆಮೇಲೆ ಪಾಸಾದ ತಂಗಿಗೆ ಇದೆ ಎಂಬುದು ಒಂದೇ ಮನೆಯಲ್ಲಿ ಬೇಸರಕ್ಕೆ ಕಾರಣವಾಗಿದ್ದನ್ನು ಕಂಡಿದ್ದೇನೆ. ಅಲ್ಲಿ ಅಕ್ಕ ಬೇಗ ಅರ್ಜಿ ಕೊಟ್ಟಿದ್ದರೂ ತಡವಾಗಿ ಕೊಟ್ಟಿದ್ದರೂ ಒಂದೇ. ನೋಡುವುದು ಪಾಸಾದ ವರ್ಷವನ್ನು. ಪಿಎಂ ಕಿಸಾನ್ ಕೂಡ ಹೀಗೆಯೇ ಒಂದು ತಾರೀಖನ್ನು ಹಿಡಿದು ನಿಂತಿದೆ. 2019ರ ಫೆಬ್ರುವರಿ 1ರಂದು ಪಹಣಿಯಲ್ಲಿ ಯಾರ ಹೆಸರಿತ್ತು ಎಂಬುದೇ ಅಲ್ಲಿ ಮುಖ್ಯ. ಆ ದಿನದ ನಂತರ ಕ್ರಯದಿಂದ ಜಮೀನು ಬಂದಿದ್ದರೆ ಅರ್ಹತೆ ಇಲ್ಲ, ಜಮೀನಿನ ಒಡೆಯರು ತೀರಿಕೊಂಡು ವಾರಸುದಾರಿಕೆಯಿಂದ ಬಂದಿದ್ದರೆ ಇದೆ. ಮಲೆನಾಡಿನಲ್ಲಿ ಅಜ್ಜನ ಹೆಸರಿನಲ್ಲಿಯೇ ಖಾತೆ ಉಳಿದ ತೋಟಗಳು ಎಷ್ಟೋ ಇವೆ. ಅಂಥವರು ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿಕೊಳ್ಳದೆ ಕುಳಿತಿದ್ದರೆ ಅವರಿಗೆ ಅಡ್ಡಿಯಾಗಿರುವುದು ನಿಯಮವಲ್ಲ, ಖಾತೆಯ ಕೆಲಸ. ಆ ಕೆಲಸಕ್ಕೆ ಕಾಯುವುದರಿಂದ ಬರುವ ಲಾಭ ಏನೂ ಇಲ್ಲ.

ಗೃಹಲಕ್ಷ್ಮಿ ಮೂರನೆಯ ಬಗೆಯದು. 2023ರ ಜುಲೈನಲ್ಲಿ ನೋಂದಣಿ ಶುರುವಾಗಿ ಆಗಸ್ಟ್ 30ರಂದು ಮೈಸೂರಿನಲ್ಲಿ ಚಾಲನೆ ಸಿಕ್ಕಿದ ಈ ಯೋಜನೆಯಲ್ಲಿ ಒಮ್ಮೆ ಮಂಜೂರಾದರೆ ಮುಗಿಯಿತು ಎನ್ನುವಂತಿಲ್ಲ. ಯಜಮಾನಿಯಾಗಲಿ ಆಕೆಯ ಪತಿಯಾಗಲಿ ಆದಾಯ ತೆರಿಗೆ ಪಾವತಿದಾರರ ಅಥವಾ ಜಿಎಸ್‌ಟಿ ರಿಟರ್ನ್ ಸಲ್ಲಿಸುವವರ ಪಟ್ಟಿಯಲ್ಲಿ ಕಂಡರೆ ಹಣ ನಿಲ್ಲುತ್ತದೆ. ವಾಹನದ ಸಾಲಕ್ಕೋ ಮನೆಯ ಸಾಲಕ್ಕೋ ಬ್ಯಾಂಕಿನವರು ಕೇಳಿದರೆಂದು ತೆರಿಗೆ ಇಲ್ಲದಿದ್ದರೂ ರಿಟರ್ನ್ ಸಲ್ಲಿಸಿದ ಅಡಿಕೆ ಬೆಳೆಗಾರರು ನಮ್ಮಲ್ಲಿ ಹಲವರಿದ್ದಾರೆ. ಅಂಥವರು ತಾವು ತೆರಿಗೆ ಕಟ್ಟಿಲ್ಲ ಎಂಬುದಕ್ಕೆ ಆ ವರ್ಷದ ಕಾಗದಗಳನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ಇಲ್ಲಿ ಬೇಗ ಅರ್ಜಿ ಕೊಟ್ಟಿದ್ದೇನೆ ಎಂಬುದು ರಕ್ಷಣೆಯಾಗುವುದಿಲ್ಲ, ಕಾಗದವೇ ರಕ್ಷಣೆ.

ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಗರ್ಭಿಣಿ-ಬಾಣಂತಿಯರಿಗೆ ಸಹಾಯಧನ ಕೊಡುವ ಕೇಂದ್ರ ಸರ್ಕಾರದ ಮಾತೃವಂದನಾ ಯೋಜನೆ. ನಿಯಮ ಬದಲಾದಾಗ ಏನೇನು ಆಗಬಹುದು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ. 2017ರ ಜನವರಿ 1ರಿಂದ ಜಾರಿಗೆ ಬಂದಾಗ ಅದು ಮೊದಲ ಜೀವಂತ ಮಗುವಿಗೆ ಮಾತ್ರ ಇತ್ತು. ಸಾವಿರ, ಎರಡು ಸಾವಿರ, ಎರಡು ಸಾವಿರ ಎಂದು ಮೂರು ಕಂತುಗಳಲ್ಲಿ ಐದು ಸಾವಿರ ರೂಪಾಯಿ ಬರುತ್ತಿತ್ತು. ಕೊನೆಯ ಮುಟ್ಟಿನ ದಿನದಿಂದ 730 ದಿನಗಳ ಒಳಗೆ ಯಾವಾಗ ಬೇಕಾದರೂ ಅರ್ಜಿ ಸಲ್ಲಿಸಬಹುದಿತ್ತು. ಅಂದರೆ ಮಗುವಿಗೆ ವರ್ಷ ತುಂಬಿ ಒಂದೆರಡು ತಿಂಗಳು ಕಳೆದರೂ ಸಮಯವಿರುತ್ತಿತ್ತು. ಗಂಡನ ಆಧಾರ್ ಕೂಡ ಬೇಕಿತ್ತು. ಗಂಡ ಬೆಂಗಳೂರಿನಲ್ಲಿಯೋ ಮಂಗಳೂರಿನಲ್ಲಿಯೋ ಕೆಲಸಕ್ಕಿದ್ದು ಹಬ್ಬಕ್ಕೆ ಮಾತ್ರ ಊರಿಗೆ ಬರುವ ಮನೆಗಳಲ್ಲಿ ಅವನ ಆಧಾರ್ ತಿದ್ದುಪಡಿಗಾಗಿಯೇ ತಿಂಗಳುಗಟ್ಟಲೆ ಕಾಯುತ್ತಿದ್ದರು. 730 ದಿನಗಳ ಅವಧಿ ಇದ್ದುದರಿಂದ ಆ ಕಾಯುವಿಕೆ ನಡೆದುಹೋಗುತ್ತಿತ್ತು.

ಆಮೇಲೆ ನಿಯಮ ಬದಲಾಯಿತು. ಮಹಿಳೆಯರಿಗಾಗಿ ಇರುವ ಕೇಂದ್ರದ ಮಿಷನ್ ಶಕ್ತಿ ಕಾರ್ಯಕ್ರಮದ ಅಡಿಯಲ್ಲಿ ಹೊಸ ಮಾರ್ಗಸೂಚಿ ಹೊರಬಿದ್ದದ್ದು 2022ರ ಜುಲೈ ತಿಂಗಳಲ್ಲಿ, ಆದರೆ ಅದು ಜಾರಿಗೆ ಬಂದ ದಿನಾಂಕ ಆ ವರ್ಷದ ಏಪ್ರಿಲ್ 1. ಮೊದಲ ಮಗುವಿಗೆ ಕಂತುಗಳು ಎರಡಾದವು, ಮೂರು ಸಾವಿರ ಮತ್ತು ಎರಡು ಸಾವಿರ. ಎರಡನೆಯ ಮಗು ಹೆಣ್ಣಾದರೆ ಆರು ಸಾವಿರ ರೂಪಾಯಿ ಒಂದೇ ಕಂತಿನಲ್ಲಿ ಬರುವಂತಾಯಿತು. ಗಂಡನ ಆಧಾರ್ ಕಡ್ಡಾಯವೆಂಬುದು ಹೋಯಿತು. ಒಂಟಿ ತಾಯಂದಿರಿಗೆ ಇದರಿಂದ ಆದ ಉಪಕಾರ ಬಹಳ ದೊಡ್ಡದು. ಇವೆಲ್ಲ ಒಳ್ಳೆಯ ಸುದ್ದಿಗಳಾದ್ದರಿಂದ ಊರೂರಿಗೂ ಬೇಗ ಹರಡಿದವು. ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಬದಲಾವಣೆಯೂ ಇತ್ತು, ಅದು ಮಾತ್ರ ಹರಡಲಿಲ್ಲ. ಅರ್ಜಿಯ ಅವಧಿ ಮೊದಲ ಮಗುವಿಗೆ ಕೊನೆಯ ಮುಟ್ಟಿನಿಂದ 570 ದಿನಗಳಿಗೆ ಇಳಿಯಿತು. ಎರಡನೆಯ ಹೆಣ್ಣುಮಗುವಿಗೆ ಹುಟ್ಟಿದ ದಿನದಿಂದ 270 ದಿನ ಎಂದು ನಿಗದಿಯಾಯಿತು. ಮೊದಲ ಮಗುವಿನ ಸಮಯದಲ್ಲಿ ನಿಧಾನವಾಗಿ ಅರ್ಜಿ ಕೊಟ್ಟು ಹಣ ಪಡೆದ ತಾಯಂದಿರು ಎರಡನೆಯ ಬಾರಿಯೂ ಅದೇ ನಿಧಾನವನ್ನು ನಂಬಿದರು. ಹಿಂದಿನ ಬಾರಿಯ ಅನುಭವವೇ ಅವರನ್ನು ತಪ್ಪುದಾರಿಗೆ ಎಳೆಯಿತು.

ಈ 270 ದಿನದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕಚೇರಿಯ ಹೊರಗೆ ಎಲ್ಲರೂ ಅದನ್ನು ಒಂಬತ್ತು ತಿಂಗಳು ಎಂದೇ ಹೇಳುತ್ತಾರೆ, ಆದರೆ ಗಣಕಯಂತ್ರ ತಿಂಗಳುಗಳನ್ನು ಎಣಿಸುವುದಿಲ್ಲ, ದಿನಗಳನ್ನು ಎಣಿಸುತ್ತದೆ. ಜೂನ್ 10ರಂದು ಹುಟ್ಟಿದ ಮಗುವಿಗೆ ಒಂಬತ್ತು ತಿಂಗಳು ತುಂಬುವುದು ಮಾರ್ಚ್ 10ರಂದು. ಆದರೆ ಫೆಬ್ರುವರಿಗೆ 28 ದಿನಗಳಿರುವ ವರ್ಷದಲ್ಲಿ 270ನೆಯ ದಿನ ಬರುವುದು ಮಾರ್ಚ್ 7ಕ್ಕೆ. ಈ ಮೂರು ದಿನಗಳಲ್ಲಿಯೇ ಅನಾಹುತವಾಗುತ್ತದೆ. ಏಕೆಂದರೆ ಒಂಬತ್ತು ತಿಂಗಳು ತುಂಬಿದ ಮೇಲೆ ಮಗುವಿಗೆ ದಡಾರ-ರುಬೆಲ್ಲಾ ಲಸಿಕೆ ಇರುತ್ತದೆ. ತವರಿನಿಂದ ಗಂಡನ ಮನೆಗೆ ಮರಳಿದ ತಾಯಿ ಆ ಲಸಿಕೆಗೆ ಮಗುವನ್ನು ಎತ್ತಿಕೊಂಡು ಬರುವಾಗ, ಹೇಗೂ ಹೋಗುತ್ತೇನಲ್ಲ ಎಂದು ಅರ್ಜಿಯ ಕಾಗದಗಳನ್ನೂ ಬ್ಯಾಗಿನಲ್ಲಿ ಇಟ್ಟುಕೊಂಡು ಬರುತ್ತಾಳೆ. ತಾಯಿ ಕಾರ್ಡು, ಜನನ ಪ್ರಮಾಣಪತ್ರ, ಬ್ಯಾಂಕ್ ಪಾಸ್‌ಬುಕ್ಕಿನ ಜೆರಾಕ್ಸ್ ಎಲ್ಲವೂ ಪ್ಲಾಸ್ಟಿಕ್ ಕವರಿನಲ್ಲಿ ಚೆನ್ನಾಗಿ ಜೋಡಿಸಿಟ್ಟಿರುತ್ತವೆ. ಆ ಹೊತ್ತಿಗೆ ಗಡುವು ಮುಗಿದಿರುತ್ತದೆ. ಎಲ್ಲವನ್ನೂ ಸರಿಯಾಗಿ ತಂದ ಹೆಣ್ಣುಮಗಳಿಗೆ ಆಗುವುದಿಲ್ಲ ಎಂದು ಹೇಳುವುದಕ್ಕಿಂತ ಕಷ್ಟದ ಕೆಲಸ ನನ್ನ ಸೇವೆಯಲ್ಲಿ ಬೇರೊಂದಿರಲಿಲ್ಲ.

ಆದ್ದರಿಂದ ಕಾಗದ ತರುವ ಲಸಿಕೆ ಒಂಬತ್ತನೆಯ ತಿಂಗಳದ್ದಲ್ಲ, ಹದಿನಾಲ್ಕನೆಯ ವಾರದ್ದು. ಮೊದಲ ಸುತ್ತಿನ ಲಸಿಕೆಗಳು ಆ ವಾರಕ್ಕೆ ಮುಗಿಯುತ್ತವೆ, ಯೋಜನೆ ಕೇಳುವುದೂ ಅದನ್ನೇ. ಜೂನ್ 10ರಂದು ಹುಟ್ಟಿದ ಮಗುವಿಗೆ ಅದು ಸೆಪ್ಟೆಂಬರ್ 16ರ ಸುಮಾರಿಗೆ ಬರುತ್ತದೆ. ಅಲ್ಲಿಂದ ಮಾರ್ಚ್ 7ರವರೆಗೆ ಸಾಕಷ್ಟು ಸಮಯವಿದೆ ಎಂದು ಕಾಣುತ್ತದೆಯಾದರೂ, ನಮ್ಮಲ್ಲಿ ಅಕ್ಟೋಬರ್ ಕಳೆಯಿತೆಂದರೆ ಅಡಿಕೆಗೊನೆಯ ಕೊಯ್ಲು, ಸುಲಿಯುವುದು, ಬೇಯಿಸುವುದು, ಒಣಗಿಸುವುದು ಎಂದು ಮನೆಯ ಎಲ್ಲ ಕೈಗಳಿಗೂ ಕೆಲಸ ಹತ್ತುತ್ತದೆ. ಬಾಣಂತಿಯನ್ನು ಕರೆದುಕೊಂಡು ತಾಲ್ಲೂಕು ಕೇಂದ್ರಕ್ಕೆ ಹೋಗಿಬರಲು ಯಾರಿಗೂ ಬಿಡುವಿರುವುದಿಲ್ಲ. ಸೆಪ್ಟೆಂಬರಿನಲ್ಲಿ ಮಳೆ ಇದ್ದರೂ ಆಗಲೇ ಮುಗಿಸಿಬಿಡುವುದು ಲೇಸು.

ಎರಡನೆಯ ಮಗುವಿನ ವಿಷಯದಲ್ಲಿ ಗರ್ಭಿಣಿಯಾಗಿದ್ದಾಗಲೇ ನೋಂದಣಿಯಾಗಿರಬೇಕೆಂಬ ನಿಯಮವೂ ಇದೆ. ಇದನ್ನು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಗು ಹೆಣ್ಣೋ ಗಂಡೋ ಎಂಬುದು ಹೆರಿಗೆಯ ತನಕ ಗೊತ್ತಿರುವುದಿಲ್ಲ, ಗೊತ್ತಾಗಲೂ ಬಾರದು. ಹಾಗಾಗಿ ಹೆರಿಗೆಯಾದ ಮೇಲೆ ನೋಡೋಣ ಎಂದು ಮನೆಯವರು ಸುಮ್ಮನಿರುತ್ತಾರೆ. ಹೆಣ್ಣು ಹುಟ್ಟಿದ ಮೇಲೆ ಓಡಿಬರುತ್ತಾರೆ. ನೋಂದಣಿಗೆ ಯಾವ ಖರ್ಚೂ ಇಲ್ಲ. ಮುಟ್ಟು ನಿಂತ ಕೂಡಲೇ ಆಶಾ ಕಾರ್ಯಕರ್ತೆಗೂ ಅಂಗನವಾಡಿ ಟೀಚರಿಗೂ ತಿಳಿಸಿ ತಾಯಿ ಕಾರ್ಡಿನಲ್ಲಿ ಕೊನೆಯ ಮುಟ್ಟಿನ ತಾರೀಖನ್ನು ಸರಿಯಾಗಿ ಬರೆಸುವುದರಿಂದ ಕಳೆದುಕೊಳ್ಳುವುದು ಏನೂ ಇಲ್ಲ. ಮೊದಲ ಮಗುವಿನ ಗಡುವಿನ ಲೆಕ್ಕ ಆ ಒಂದು ತಾರೀಖಿನ ಮೇಲೆಯೇ ನಿಂತಿರುವುದರಿಂದ ಅಂದಾಜಿನ ತಾರೀಖು ಬರೆಸಬಾರದು.

ತವರಿನ ಹೆರಿಗೆ ನಮ್ಮ ಕಡೆಯ ಪದ್ಧತಿ. ಅದು ಬಾಣಂತಿಯ ಮೈಗೂ ಮನಸ್ಸಿಗೂ ಒಳ್ಳೆಯದೇ, ಆದರೆ ಕಾಗದಗಳ ದೃಷ್ಟಿಯಿಂದ ತೊಡಕಿನದು. ಹೊಸನಗರದ ಹಳ್ಳಿಯ ಸೊಸೆ ಸಾಗರದ ತವರಿಗೆ ಹೋಗಿ, ಹೆರಿಗೆ ಕಠಿಣವೆಂದು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ ದಾಖಲಾದರೆ, ಜನನ ನೋಂದಣಿಯಾಗುವುದು ಶಿವಮೊಗ್ಗದಲ್ಲಿ, ಲಸಿಕೆ ನಡೆಯುವುದು ಸಾಗರದಲ್ಲಿ, ರೇಷನ್ ಕಾರ್ಡು ಇರುವುದು ಹೊಸನಗರದಲ್ಲಿ. ಜನನವನ್ನು ಅದು ನಡೆದ ಊರಿನಲ್ಲಿಯೇ ನೋಂದಾಯಿಸಬೇಕು, 21 ದಿನಗಳ ಒಳಗಾದರೆ ಶುಲ್ಕವಿಲ್ಲ. 30 ದಿನಗಳವರೆಗೆ ತಡದ ಶುಲ್ಕದೊಂದಿಗೆ, ಅದರ ನಂತರ ಒಂದು ವರ್ಷದವರೆಗೆ ಅಧಿಕಾರಿಯ ಲಿಖಿತ ಅನುಮತಿಯೊಂದಿಗೆ, ವರ್ಷ ಕಳೆದರೆ ಮ್ಯಾಜಿಸ್ಟ್ರೇಟರ ಆದೇಶದೊಂದಿಗೆ ಮಾತ್ರ ಆಗುತ್ತದೆ. ಆಸ್ಪತ್ರೆಯಲ್ಲಿ ಹುಟ್ಟಿದ ಮಗುವಿನ ಮಾಹಿತಿಯನ್ನು ಆಸ್ಪತ್ರೆಯೇ ಕಳುಹಿಸುತ್ತದೆ. ಆದರೆ ತಾಯಿಯ ಹೆಸರು ಆಧಾರಿನಲ್ಲಿ ಇರುವಂತೆಯೇ ಬರೆಯಲಾಗಿದೆಯೇ ಎಂದು ಬಿಡುಗಡೆಯಾಗುವ ಮೊದಲೇ ನೋಡಿಕೊಳ್ಳಬೇಕು. ತವರಿನ ಇನಿಷಿಯಲ್ ಒಂದು ಕಡೆ, ಗಂಡನ ಇನಿಷಿಯಲ್ ಇನ್ನೊಂದು ಕಡೆ ಬಂದರೆ ಅದನ್ನು ಸರಿಪಡಿಸುವಷ್ಟರಲ್ಲಿ 270 ದಿನಗಳಲ್ಲಿ ಒಂದು ಪಾಲು ಕರಗಿಹೋಗಿರುತ್ತದೆ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಆ ದಿನದಿಂದೀಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶದಿಂದ ಹಿಡಿದು ಸರ್ಕಾರಿ ಕೆಲಸದವರೆಗೆ ಜನ್ಮದಿನಾಂಕಕ್ಕೆ ಈ ಪ್ರಮಾಣಪತ್ರವೇ ಆಧಾರವಾದ್ದರಿಂದ ಮೊದಲೇ ಸರಿಯಾಗಿ ಬರೆಸುವ ಶ್ರಮ ವ್ಯರ್ಥವಾಗುವುದಿಲ್ಲ.

ಅರ್ಜಿಯ ದಿನದ ಅರ್ಹತೆಯನ್ನು ನೋಡುವ ಯೋಜನೆಗೆ ಭಾಗ್ಯಲಕ್ಷ್ಮಿ ಉದಾಹರಣೆ. 2006ರ ಮಾರ್ಚ್ 31ರ ನಂತರ ಬಡತನ ರೇಖೆಗಿಂತ ಕೆಳಗಿನ ಕುಟುಂಬಗಳಲ್ಲಿ ಹುಟ್ಟಿದ ಹೆಣ್ಣುಮಕ್ಕಳಿಗೆಂದು ಆರಂಭವಾದ ಈ ಯೋಜನೆಯಲ್ಲಿ ಮೊದಲು ಬಾಂಡ್ ಕೊಡುತ್ತಿದ್ದರು. 2020-21ರಿಂದ ಅಂಚೆ ಕಚೇರಿಯ ಸುಕನ್ಯಾ ಸಮೃದ್ಧಿ ಖಾತೆಗೆ ಸರ್ಕಾರವೇ ವರ್ಷಕ್ಕೆ 3,000 ರೂಪಾಯಿಯಂತೆ 15 ವರ್ಷ ಕಟ್ಟುವಂತಾಯಿತು. ಹಣ ಕೂಡಿಡುವ ಕ್ರಮ ಬದಲಾದರೂ ಮಗುವಿಗೆ ವರ್ಷ ತುಂಬುವುದರೊಳಗೆ ನೋಂದಣಿಯಾಗಬೇಕು, ಕಾರ್ಡು ಬಿಪಿಎಲ್ ಆಗಿರಬೇಕು ಎಂಬುದು ಬದಲಾಗಲಿಲ್ಲ.

ನನಗೆ ಪರಿಚಯವಿರುವ ಒಂದು ಮನೆಯಲ್ಲಿ 2023ರ ಡಿಸೆಂಬರಿನಲ್ಲಿ ಹೆಣ್ಣುಮಗು ಹುಟ್ಟಿತು. ತಾಯಿಯ ಆಧಾರಿನಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿತ್ತು, ಅದು ಸರಿಯಾಗಲಿ ಎಂದು ಕಾದರು. ಸರಿಯಾಗುವಷ್ಟರಲ್ಲಿ ಮಳೆಗಾಲ ಬಂತು. ಮಳೆ ಮುಗಿಯುವ ಹೊತ್ತಿಗೆ ಅವರ ಕಾರ್ಡು ಮರುಪರಿಶೀಲನೆಯಲ್ಲಿ ಎಪಿಎಲ್ ಆಗಿತ್ತು. 2024ರ ನವೆಂಬರಿನಲ್ಲಿ ರಾಜ್ಯದಾದ್ಯಂತ ಇದರ ಬಗ್ಗೆ ಗಲಾಟೆಯಾಗಿ, ಸರ್ಕಾರಿ ನೌಕರರು ಮತ್ತು ಆದಾಯ ತೆರಿಗೆ ಪಾವತಿದಾರರನ್ನು ಬಿಟ್ಟು ಉಳಿದವರ ಬಿಪಿಎಲ್ ಕಾರ್ಡುಗಳನ್ನು ಹಿಂದಿನಂತೆಯೇ ಉಳಿಸಬೇಕೆಂದು ಸರ್ಕಾರ ಸೂಚಿಸಿದ್ದು ಹಲವರಿಗೆ ನೆನಪಿರಬಹುದು. ಈ ಮನೆಯ ಕಾರ್ಡೂ ಮತ್ತೆ ಬಿಪಿಎಲ್ ಆಯಿತು. ಆದರೆ ಅದು ಗಣಕಯಂತ್ರದಲ್ಲಿ ಕಾಣುವಷ್ಟರಲ್ಲಿ ಮಗುವಿನ ಮೊದಲ ಹುಟ್ಟುಹಬ್ಬ ಕಳೆದಿತ್ತು. “ಕಾರ್ಡು ಸರಿಯಾಯ್ತಲ್ಲ ಅಕ್ಕ, ಇನ್ನು ಕೊಟ್ರೆ ಆಗ್ತದಲ್ಲ?” ಎಂದು ಆ ತಾಯಿ ಕೇಳಿದಳು. ಕಾರ್ಡು ತಪ್ಪಿಹೋಗಿದ್ದು ಅವಳ ತಪ್ಪಲ್ಲ, ಮರಳಿ ಬಂದದ್ದು ಅವಳ ಹಕ್ಕು. ಆದರೂ ವರ್ಷದ ಗಡುವು ಕಾರ್ಡಿನ ಗೊಂದಲಕ್ಕಾಗಿ ನಿಂತು ಕಾಯಲಿಲ್ಲ. ಕಾರ್ಡು ಕೈಯಲ್ಲಿ ಇಲ್ಲದಿದ್ದ ತಿಂಗಳುಗಳಿಗೆ ಗಡುವಿನಿಂದ ವಿನಾಯಿತಿ ಕೊಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ. ಕಾರ್ಡು ಮರಳಿ ಕೊಡುವ ಆದೇಶದಲ್ಲಿಯೇ, ಈ ಅವಧಿಯಲ್ಲಿ ಗಡುವು ಮೀರಿದ ಅರ್ಜಿಗಳನ್ನು ಸ್ವೀಕರಿಸಿ ಎಂಬ ಒಂದು ಸಾಲು ಸೇರಿಸುವುದು ಕಷ್ಟದ ಮಾತೇನೂ ಅಲ್ಲ. ಅಂಥ ಸಾಲು ಬರುವ ತನಕ, ಕಾರ್ಡು ಬಿಪಿಎಲ್ ಆಗಿರುವ ದಿನವೇ ಅರ್ಜಿ ಸಲ್ಲಿಸಿಬಿಡಬೇಕು. ಹೆಸರಿನ ಒಂದಕ್ಷರವನ್ನು ಆಮೇಲೆ ತಿದ್ದಿಸಿಕೊಳ್ಳಬಹುದು, ಕಳೆದುಹೋದ ತಾರೀಖನ್ನು ತಿದ್ದಿಸಲು ಬರುವುದಿಲ್ಲ.

ರೇಷನ್ ಕಾರ್ಡಿನ ಮಾತು ಬಂದದ್ದರಿಂದ ಮದುವೆಯಾಗಿ ಬಂದ ಸೊಸೆಯ ಹೆಸರಿನ ವಿಷಯವನ್ನೂ ಹೇಳಿಬಿಡುತ್ತೇನೆ. ತವರಿನ ಕಾರ್ಡಿನಿಂದ ಹೆಸರು ತೆಗೆಸಿ ಗಂಡನ ಮನೆಯ ಕಾರ್ಡಿಗೆ ಸೇರಿಸಬೇಕು. ತೆಗೆಸುವುದು ಸುಲಭ. ಸೇರಿಸುವುದಕ್ಕೆ ಆಹಾರ ಇಲಾಖೆಯ ತಂತ್ರಾಂಶದಲ್ಲಿ ತಿದ್ದುಪಡಿಗೆ ಅವಕಾಶ ತೆರೆದಿರಬೇಕು, ಅದು ಆಗಾಗ್ಗೆ ಮುಚ್ಚಿರುತ್ತದೆ. ತೆರೆದ ದಿನವೂ ಸರ್ವರ್ ಬಿಡಬೇಕು. ಮೊದಲು ತೆಗೆಸಿ ಆಮೇಲೆ ಸೇರಿಸಲು ಹೋದ ಹೆಣ್ಣುಮಗಳು ಎರಡೂ ಕಾರ್ಡಿನಲ್ಲಿ ಇಲ್ಲದೆ ತಿಂಗಳುಗಟ್ಟಲೆ ಉಳಿದದ್ದನ್ನು ನೋಡಿದ್ದೇನೆ. ಗರ್ಭಿಣಿಯಾಗಿರುವಾಗ ಹೀಗಾದರೆ ಬಹಳ ಕಷ್ಟ. ಈ ಕೆಲಸದಲ್ಲಿ ನಾನು ಕಾಯಿರಿ ಎಂದೇ ಹೇಳುತ್ತೇನೆ. ಸೇರ್ಪಡೆಗೆ ಅವಕಾಶ ತೆರೆದಿದೆ ಎಂದು ಗ್ರಾಮ ಒನ್ ಕೇಂದ್ರದಲ್ಲಿ ಖಚಿತಪಡಿಸಿಕೊಂಡ ಮೇಲೆಯೇ ತವರಿನ ಕಾರ್ಡಿನಿಂದ ಹೆಸರು ತೆಗೆಸಬೇಕು. ಮಾತೃವಂದನೆಗೆ ಬಿಪಿಎಲ್ ಕಾರ್ಡೊಂದೇ ದಾರಿಯಲ್ಲ ಎಂಬುದೂ ಗೊತ್ತಿರಲಿ. ವರ್ಷಕ್ಕೆ ಎಂಟು ಲಕ್ಷಕ್ಕಿಂತ ಕಡಿಮೆ ಆದಾಯದ ಪ್ರಮಾಣಪತ್ರ, ಉದ್ಯೋಗ ಖಾತರಿಯ ಜಾಬ್ ಕಾರ್ಡು, ಇ-ಶ್ರಮ್ ಕಾರ್ಡು, ಆಯುಷ್ಮಾನ್ ಕಾರ್ಡುಗಳಲ್ಲಿ ಯಾವುದಾದರೂ ಒಂದಿದ್ದರೂ ಆಗುತ್ತದೆ. ಬಿಪಿಎಲ್ ಇಲ್ಲವೆಂದು ಮನೆಗೆ ಮರಳಿದ ಎಷ್ಟೋ ಜನರ ಕಪಾಟಿನಲ್ಲಿ ಜಾಬ್ ಕಾರ್ಡು ಇತ್ತು.

ವೃದ್ಧಾಪ್ಯದ ಪಿಂಚಣಿಯಲ್ಲಿಯೂ ಕಾಯುವ ತಪ್ಪು ನಡೆಯುತ್ತದೆ. 65 ತುಂಬಿದವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂಪಾಯಿ ಬರುತ್ತದೆ ಎಂದು ಕೇಳಿದವರು 61, 62ರ ವಯಸ್ಸಿನಲ್ಲಿ ಸುಮ್ಮನೆ ಕುಳಿತಿರುತ್ತಾರೆ. 60ರಿಂದ 64ರ ವಯಸ್ಸಿನವರಿಗೂ 800 ರೂಪಾಯಿಯ ಪಿಂಚಣಿ ಇದೆ. ಐದು ವರ್ಷ ಕಾದರೆ 48,000 ರೂಪಾಯಿ ಹೋಯಿತು. 60 ತುಂಬಿದ ದಿನದಿಂದ ಲೆಕ್ಕ ಹಾಕಿ ಹಿಂಬಾಕಿಯನ್ನು ಯಾರೂ ಕೊಡುವುದಿಲ್ಲ.

ಹಾಗಾದರೆ ಕಾಯುವುದು ಯಾವಾಗಲೂ ನಷ್ಟವೇ ಎಂದರೆ, ಹಾಗಲ್ಲ. ಸದಸ್ಯತ್ವಕ್ಕೆ ಇಷ್ಟು ಅವಧಿಯಾಗಿರಬೇಕು ಎಂದು ನಿಯಮವಿರುವ ಕಡೆ ಸಮಯ ತುಂಬುವ ತನಕ ಕಾಯಲೇಬೇಕು. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ಮದುವೆ ಸಹಾಯಧನ ಹಾಗಿರುವ ಯೋಜನೆ. ನೋಂದಣಿಯಾಗಿ ಒಂದು ವರ್ಷ ಆಗಿರಬೇಕು ಎಂಬ ನಿಯಮವನ್ನು ಮದುವೆಯ ಕರೆಯೋಲೆ ಅಚ್ಚಾದ ಮೇಲೆ ತಿಳಿದುಕೊಂಡರೆ ಪ್ರಯೋಜನವಿಲ್ಲ. ಗಾರೆ ಕೆಲಸದವರು, ಮರಗೆಲಸದವರು, ಬಣ್ಣ ಬಳಿಯುವವರು ಕಾರ್ಮಿಕ ಕಾರ್ಡನ್ನು ಅಗತ್ಯ ಬರುವ ಮೊದಲೇ ಮಾಡಿಸಿ, ಕಾಲಕಾಲಕ್ಕೆ ನವೀಕರಿಸಿಕೊಂಡಿರಬೇಕು. ಇಲ್ಲಿಯೂ ಕಾಯುವುದು ಹಣದ ಅರ್ಜಿಗೆ ಮಾತ್ರ, ನೋಂದಣಿಗಲ್ಲ.

ಇದೇ ಮಂಡಳಿಯ ಇನ್ನೊಂದು ಪ್ರಸಂಗ ನಿಯಮ ಬದಲಾವಣೆಯ ವಿಷಯದಲ್ಲಿ ಎಲ್ಲರೂ ತಿಳಿದಿರಬೇಕಾದದ್ದು. ಕಾರ್ಮಿಕರ ಮಕ್ಕಳಿಗೆ 2021ರ ಅಧಿಸೂಚನೆಯಲ್ಲಿ ನಿಗದಿಯಾಗಿದ್ದ ಶೈಕ್ಷಣಿಕ ಸಹಾಯಧನವನ್ನು 2023ರಲ್ಲಿ ಬಹಳಷ್ಟು ಇಳಿಸಲಾಯಿತು. ಹಳೆಯ ದರ ಇದ್ದಾಗಲೇ ಅರ್ಜಿ ಹಾಕಿದ್ದ ವಿದ್ಯಾರ್ಥಿನಿಯರು ಹೈಕೋರ್ಟಿನ ಮೊರೆಹೋದರು, 2021ರ ದರದಂತೆಯೇ ಕೊಡಬೇಕೆಂದು ನ್ಯಾಯಾಲಯ ಹೇಳಿತು. ತಾವು ಹಳೆಯ ನಿಯಮದ ಕಾಲದಲ್ಲಿಯೇ ಅರ್ಜಿ ಸಲ್ಲಿಸಿದ್ದೆವು ಎಂಬುದಕ್ಕೆ ಅವರ ಬಳಿ ದಾಖಲೆ ಇತ್ತು. ದಾಖಲೆ ಇಲ್ಲದಿದ್ದರೆ ವಾದಿಸುವುದಕ್ಕೆ ಏನೂ ಇರುತ್ತಿರಲಿಲ್ಲ.

ಆದ್ದರಿಂದ ಸ್ವೀಕೃತಿಯ ವಿಷಯದಲ್ಲಿ ಸಂಕೋಚ ಬೇಡ. ಅರ್ಜಿ ಕೊಟ್ಟೆ ಎಂದರೆ ಸಾಲದು, ಕೊಟ್ಟದ್ದಕ್ಕೆ ತಾರೀಖಿರುವ ರಸೀದಿ ಕೈಯಲ್ಲಿರಬೇಕು. 2012ರ ಏಪ್ರಿಲ್ 2ರಂದು ರಾಜ್ಯದಾದ್ಯಂತ ಜಾರಿಗೆ ಬಂದ ಸಕಾಲದ, ಅಂದರೆ ಸರ್ಕಾರಿ ಸೇವೆಗಳನ್ನು ನಿಗದಿತ ದಿನಗಳಲ್ಲಿ ಕೊಡಬೇಕೆನ್ನುವ ಕಾಯ್ದೆಯ, ಅಡಿಯಲ್ಲಿ ಬರುವ ಸೇವೆಯಾದರೆ 15 ಅಂಕಿಗಳ ಸಂಖ್ಯೆಯಿರುವ ಸ್ವೀಕೃತಿ ಕೊಡುತ್ತಾರೆ. ನಿಗದಿತ ದಿನಗಳನ್ನು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ ಕೇಳುವ ಅವಕಾಶವಿದೆ. ಆ ಐನೂರು ರೂಪಾಯಿಗಿಂತ ಅರ್ಜಿಯ ತಾರೀಖನ್ನು ಸಾಬೀತುಮಾಡುವ ಆ ಸಂಖ್ಯೆಯೇ ಬೆಲೆಬಾಳುವಂಥದ್ದು. ಅಂಗನವಾಡಿಯಲ್ಲಿ ಕೈಯಿಂದ ಕೊಡುವ ಅರ್ಜಿಯಾದರೆ ಅದರ ನಕಲಿನ ಮೇಲೆ ಕಾರ್ಯಕರ್ತೆಯ ಸಹಿ ಮತ್ತು ತಾರೀಖು ಹಾಕಿಸಿಕೊಳ್ಳಿ. ನಮ್ಮ ಕಾರ್ಯಕರ್ತೆಯರು ಊರಿನವರೇ, ಪರಿಚಯದವರೇ. ಸಹಿ ಕೇಳಿದರೆ ಅಪನಂಬಿಕೆ ಎಂದುಕೊಳ್ಳುತ್ತಾರೇನೋ ಎಂಬ ಹಿಂಜರಿಕೆ ಇರುತ್ತದೆ. ನಾನು ಮೇಲ್ವಿಚಾರಕಿಯಾಗಿದ್ದಾಗ ಅವರಿಗೆ ಯಾವಾಗಲೂ ಹೇಳುತ್ತಿದ್ದೆ, ಜನ ಕೇಳುವ ಮೊದಲೇ ಸಹಿ ಹಾಕಿಕೊಡಿ, ನಾಳೆ ತಕರಾರು ಬಂದರೆ ಅದು ನಿಮ್ಮನ್ನೂ ಕಾಪಾಡುತ್ತದೆ ಎಂದು.

ಒಂದು ದಾಖಲೆ ಕಡಿಮೆ ಇದೆ ಎಂದು ಅರ್ಜಿಯನ್ನೇ ತೆಗೆದುಕೊಳ್ಳದೆ ವಾಪಸ್ ಕಳುಹಿಸುವುದೂ ಉಂಟು. ಆಗ ಬಾಯಿಮಾತಿನ ಉತ್ತರಕ್ಕೆ ಮರಳದೆ, ಯಾವ ದಾಖಲೆ ಇಲ್ಲವೆಂದು ಬರವಣಿಗೆಯಲ್ಲಿ ಹಿಂಬರಹ ಕೊಡಿ ಎಂದು ವಿನಯದಿಂದ ಕೇಳಬೇಕು. ಹಿಂಬರಹದಲ್ಲಿ ತಾರೀಖಿರುತ್ತದೆ, ಕಾರಣವಿರುತ್ತದೆ, ಮೇಲ್ಮನವಿಗೆ ಅದೇ ಆಧಾರ. ಆದಾಯ ಪ್ರಮಾಣಪತ್ರ ಹಳೆಯದಾಯಿತು ಎಂಬ ಕಾರಣ ಹೇಳಿದರೆ ಅದರ ಮೇಲಿನ ತಾರೀಖನ್ನು ತೋರಿಸಿ. ನಾಡಕಚೇರಿಯ ಆದಾಯ ಪ್ರಮಾಣಪತ್ರಕ್ಕೆ ಐದು ವರ್ಷದ ಮಾನ್ಯತೆ ಇರುತ್ತದೆ. ಹೊಸದು ಬರಲಿ ಎಂದು ಸುಮ್ಮನೆ ವಾರಗಳನ್ನು ಕಳೆಯುವ ಅಗತ್ಯವಿಲ್ಲ.

ಹೊಸ ಆದೇಶ ಬಂದಾಗ ಅದರಲ್ಲಿ ಮೊತ್ತ ಎಷ್ಟೆಂದು ಎಲ್ಲರೂ ನೋಡುತ್ತಾರೆ. ನೋಡಬೇಕಾದದ್ದು ಕೊನೆಯ ಸಾಲುಗಳನ್ನು. ಈ ಆದೇಶ ಯಾವ ದಿನಾಂಕದಿಂದ ಜಾರಿಗೆ ಬರುತ್ತದೆ, ಈಗಾಗಲೇ ಬಂದಿರುವ ಅರ್ಜಿಗಳನ್ನು ಯಾವ ನಿಯಮದಂತೆ ಇತ್ಯರ್ಥಪಡಿಸಬೇಕು ಎಂಬುದು ಅಲ್ಲಿ ಇರುತ್ತದೆ. ಮೊಬೈಲಿಗೆ ಬರುವ ಸಂದೇಶಗಳಲ್ಲಿ ಆ ಸಾಲುಗಳನ್ನು ಯಾರೂ ಹಾಕುವುದಿಲ್ಲ. ಸುತ್ತೋಲೆಯ ನಕಲು ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳ ಕಚೇರಿಯಲ್ಲಿ ಸಿಗುತ್ತದೆ, ಓದಲು ಕೊಡಿ ಎಂದು ಕೇಳುವುದಕ್ಕೆ ಹೆದರಬೇಕಾಗಿಲ್ಲ. ಮಾತೃವಂದನೆಯ ವಿಷಯದಲ್ಲಿ ಏಪ್ರಿಲ್ ಮತ್ತು ಜುಲೈ ನಡುವೆ ಎರಡನೆಯ ಹೆಣ್ಣುಮಗುವನ್ನು ಹೆತ್ತವರಿಗೆ, ಆದೇಶ ಬರುವ ಮೊದಲೇ ಹೆರಿಗೆಯಾಗಿದ್ದರೂ, ಜಾರಿಯ ದಿನಾಂಕದ ಆ ಒಂದು ಸಾಲಿನಿಂದಲೇ ಹಕ್ಕು ಬಂದಿತು. ಅದೇ ಸಾಲಿನಿಂದ ಮಾರ್ಚ್ ಕೊನೆಯ ವಾರದಲ್ಲಿ ಹೆತ್ತವರಿಗೆ ಇಲ್ಲವಾಯಿತು. ಅದು ಯಾರ ಕೈಯಲ್ಲಿಯೂ ಇಲ್ಲದ ಮಾತು, ಅದಕ್ಕಾಗಿ ಯಾವ ತಾಯಿಯೂ ತನ್ನನ್ನು ಹಳಿದುಕೊಳ್ಳಬಾರದು.

ಮಲೆನಾಡಿನಲ್ಲಿ ಇನ್ನೊಂದು ಲೆಕ್ಕವನ್ನೂ ಇಟ್ಟುಕೊಳ್ಳಬೇಕಾಗುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಹೊಳೆ ತುಂಬಿ ಕಾಲುಸಂಕ ದಾಟಲಾಗದ ದಿನಗಳು, ಮರ ಬಿದ್ದು ಕರೆಂಟು ಹೋದ ದಿನಗಳು, ಟವರಿಗೆ ಕರೆಂಟಿಲ್ಲದೆ ಒಟಿಪಿ ಬಾರದ ದಿನಗಳು ಎಷ್ಟೋ ಬರುತ್ತವೆ. ಕಾಗದದ ಮೇಲಿನ 270 ದಿನ ಬಯಲುಸೀಮೆಯವರಿಗೂ ನಮಗೂ ಒಂದೇ ಆದರೂ, ಕೆಲಸಕ್ಕೆ ಒದಗುವ ದಿನಗಳು ಒಂದೇ ಅಲ್ಲ. ಗಡುವು ಮಳೆಗಾಲದಲ್ಲಿ ಬೀಳುವುದಾದರೆ ಮೇ ತಿಂಗಳಲ್ಲಿಯೇ ಅರ್ಜಿ ಸಲ್ಲಿಸಿರಬೇಕು. ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂಬುದನ್ನೂ ಆಗಲೇ ನೋಡಿಕೊಂಡರೆ ಒಳ್ಳೆಯದು. ಮಂಜೂರಾದ ಹಣ ಆಧಾರ್ ಜೋಡಿಸಿದ ಖಾತೆಗೇ ಹೋಗುವುದರಿಂದ, ಎಂದೋ ತೆರೆದು ಮರೆತ ಬೇರೆ ಖಾತೆಗೆ ಜಮಾ ಆಗಿ, ಹಣ ಬಂದೇ ಇಲ್ಲವೆಂದು ಅಲೆದವರು ಹಲವರು.

ಈಗ ಕೆಲಸದಲ್ಲಿರುವ ಅಂಗನವಾಡಿ ಕಾರ್ಯಕರ್ತೆಯರಲ್ಲಿ ನನ್ನದೊಂದು ಕೋರಿಕೆ ಇದೆ. ಹದಿನಾಲ್ಕನೆಯ ವಾರದ ಲಸಿಕೆಗೆ ತಾಯಿ ಬಂದ ದಿನ, ಎರಡನೆಯ ಮಗು ಹೆಣ್ಣಾಗಿದ್ದರೆ ಕ್ಯಾಲೆಂಡರು ನೋಡಿ 270ನೆಯ ದಿನದ ತಾರೀಖನ್ನು ಎಣಿಸಿ ತಾಯಿ ಕಾರ್ಡಿನ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಡಿ. ಯಾವ ಹೆಣ್ಣುಮಗುವಾಗಿದ್ದರೂ ವರ್ಷ ತುಂಬುವ ತಾರೀಖನ್ನೂ ಬರೆಯಿರಿ, ಭಾಗ್ಯಲಕ್ಷ್ಮಿಯ ಗಡುವು ಅದೇ. ತವರಿನಲ್ಲಿರುವ ಬಾಣಂತಿಯಾದರೆ ಅವಳ ಗಂಡನ ಮನೆಯ ಊರಿನ ಕಾರ್ಯಕರ್ತೆಗೆ ಒಂದು ಫೋನ್ ಮಾಡಿ ಈ ಎರಡು ತಾರೀಖುಗಳನ್ನು ತಿಳಿಸಿದರೆ, ಮಗುವನ್ನು ಎತ್ತಿಕೊಂಡು ಊರಿಗೆ ಮರಳುವ ಮೊದಲೇ ಅರ್ಜಿಯನ್ನು ತುಂಬಿಸಿಡಬಹುದು.